ಗಡುವಿಗೆ ಹೆದರೆ, ಒಂಬತ್ತರ ಫೋನಿಗೆ ಹೆದರುವೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ವೀಣೆ ನುಡಿಸುತ್ತೇನೆ, ಚಿತ್ರ ಗೀಚುತ್ತೇನೆ, ಸೋಲ್ಡರಿಂಗ್ ಐರನ್ ಹಿಡಿದು ಸಣ್ಣಪುಟ್ಟ ಸರ್ಕ್ಯೂಟ್ ಕಟ್ಟುತ್ತೇನೆ. ಗೊತ್ತಾದವರೆಲ್ಲ ಕೇಳುವುದು ಒಂದೇ ಮಾತು: ‘ಇದಕ್ಕೆಲ್ಲ ಟೈಮ್ ಎಲ್ಲಿ ಸಿಗುತ್ತೆ ಮೇಡಂ?’ ಕೆಲವರ ದನಿಯಲ್ಲಿ ಮೆಚ್ಚುಗೆ ಇರುತ್ತದೆ. ಇನ್ನು ಕೆಲವರದು ‘ಆಫೀಸಲ್ಲಿ ಕೆಲಸ ಕಮ್ಮಿ ಇರಬೇಕು’ ಎಂಬ ಅನುಮಾನ. ನೆಂಟರಿಷ್ಟರು ಸಾಮಾನ್ಯವಾಗಿ ಎರಡನೆಯ ಗುಂಪು.

ಕೆಲಸ ಕಮ್ಮಿ ಇಲ್ಲ. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ಮಾರ್ಚ್ ಬಂದರೆ ವರ್ಷಾಂತ್ಯ, ಸೆಪ್ಟೆಂಬರ್ ಬಂದರೆ ಆಡಿಟ್. ಆಗೆಲ್ಲ ರಾತ್ರಿ ಹತ್ತಾದರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಆದರೂ ಈ ತಾರೀಕುಗಳ ಮೇಲೆ ನನಗೆ ಸಿಟ್ಟಿಲ್ಲ. ಅವು ಹೇಳಿಯೇ ಬರುತ್ತವೆ. ಹೊಸ ಕ್ಯಾಲೆಂಡರ್ ಗೋಡೆಗೆ ಏರುವಾಗಲೇ ಅವಕ್ಕೆಲ್ಲ ಸುತ್ತು ಹಾಕಿಟ್ಟಿರುತ್ತೇನೆ. ನಮ್ಮ ವೀಣೆ ಟೀಚರ್‌ಗೂ ಅದು ಬಾಯಿಪಾಠ. ಹೊಸ ಕೃತಿ ಶುರುವಾಗುವುದು 21ರ ನಂತರವೇ. ತಿಂಗಳ ಮೊದಲ ಭಾಗವೆಲ್ಲ ಹಳೇ ಪಾಠಗಳ ಚಿಂತನೆ. ‘ನಿಮ್ಮ ಜಿಎಸ್‌ಟಿ ಮುಗೀತೇನಮ್ಮ, ಕಲ್ಯಾಣಿ ಎತ್ಕೊಳ್ಳೋಣವಾ?’ ಎಂದು ಅವರೇ ಕೇಳುತ್ತಾರೆ.

ವೀಣೆಗೆ ಕಲ್ಲು ಹಾಕುವುದು ಬೇರೆಯೇ ಒಂದಿದೆ. ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬರುವ ‘ಒಂದ್ನಿಮಿಷ ಫ್ರೀ ಇದೀರಾ?’ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಇದು ದಿನಚರಿಯಾಗಿತ್ತು. ಕೇಳುತ್ತಿದ್ದದ್ದು ದೊಡ್ಡದೇನಲ್ಲ, ಯಾವುದೋ ಸಪ್ಲೈಯರ್ ಬಾಕಿ, ಬೆಳಿಗ್ಗೆ ಹೇಳಿದರೂ ನಡೆಯುವಂಥದ್ದು. ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಎಂಟೂವರೆಯಿಂದಲೇ ಕಿವಿ ಆ ಕಡೆಗೆ ತಿರುಗಿರುತ್ತಿತ್ತಲ್ಲ, ಅದರ ಲೆಕ್ಕ ಯಾರು ಇಡುತ್ತಾರೆ? ವೀಣೆಗೆ ಏಳು ತಂತಿ. ಬಾರಿಸುವುದಕ್ಕೆ ನಾಲ್ಕು, ತಾಳಕ್ಕೆ ಮೂರು. ಅಷ್ಟನ್ನೂ ಶ್ರುತಿ ಸೇರಿಸಿ, ವರ್ಣವನ್ನು ಒಂದನೇ ಕಾಲದಲ್ಲಿ ಒಮ್ಮೆ ನುಡಿಸಿ ಕೈ ಬಿಸಿಯಾಗುವ ಹೊತ್ತಿಗೆ ಅರ್ಧ ಗಂಟೆ. ನಡುವೆ ಫೋನ್ ಬರಬಹುದು ಎಂದು ಗೊತ್ತಿರುವ ಸಂಜೆ ನಾನು ವೀಣೆಯ ಗವಸನ್ನೇ ತೆಗೆಯುತ್ತಿರಲಿಲ್ಲ. ಫೋನ್ ಬಾರದ ದಿನವೂ ಅಷ್ಟೇ.

ನನ್ನ ವಾದ ಇಷ್ಟೇ: ದುಡಿಯುವವರಿಗೆ ಕಲೆಗೆಂದು ಬೇಕಿರುವುದು ರಾಶಿ ಬಿಡುವಲ್ಲ, ಯಾವ ಹೊತ್ತು ತಮ್ಮದು ಎಂಬುದು ಮೊದಲೇ ಗೊತ್ತಿರುವುದು. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಸಿಟ್ಟಾದವರು ‘ಇಲ್ಲ, 48 ಸಾಕು’ ಎಂದರು. ಎರಡು ಕಡೆಯವರೂ ಗಂಟೆಗಳನ್ನೇ ಎಣಿಸಿದರು. ಆ 48 ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಮುಗಿದೇ ಇರುತ್ತದೆಯೇ ಎಂದು ಕೇಳಿದವರು ಕಡಿಮೆ.

ನಮ್ಮ ಹಿಂದಿನವರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲಕ್ಕೆ ಕಲಾವಿದ ಗದ್ದೆಗಿಳಿಯುತ್ತಿದ್ದ, ಮಳೆ ಕಳೆದ ಮೇಲೆ ಮತ್ತೆ ಬಣ್ಣ. ಬೆಂಗಳೂರಿನಲ್ಲಿ ಆ ಕೆಲಸ ಮಾಡಿದ್ದು ಕಾರ್ಖಾನೆಯ ಸೈರನ್. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಈ ಊರಿನ ಕನ್ನಡ ಸಂಘಗಳಿಗೆ, ಹವ್ಯಾಸಿ ನಾಟಕ ತಂಡಗಳಿಗೆ ಜನ ಸಿಕ್ಕಿದ್ದು ಇಂಥ ಕಾರ್ಖಾನೆಗಳಿಂದ, ಬ್ಯಾಂಕುಗಳಿಂದ. ಅವರೇನು ನಮಗಿಂತ ಶಿಸ್ತಿನವರೆಂದು ನನಗನ್ನಿಸಿಲ್ಲ. ನಮ್ಮಪ್ಪನೂ ಅಂಥದೊಂದು ಕಡೆ ಫಿಟ್ಟರ್ ಆಗಿದ್ದರು. ಶಿಸ್ತು ಎಂಬುದು ಅವರ ಹತ್ತಿರ ಸುಳಿದದ್ದನ್ನು ಅಮ್ಮ ನೋಡಿಲ್ಲವಂತೆ. ಆದರೆ ಕಂಪನಿ ಬಸ್ಸು ಇಂಥ ಹೊತ್ತಿಗೆ ಸ್ಟಾಪಿಗೆ ತಂದು ಇಳಿಸುತ್ತಿತ್ತು. ಕಾಫಿ ಕುಡಿದು ತಾಲೀಮಿಗೆ ಹೊರಟರೆ, ಮೇಲಧಿಕಾರಿ ಕರೆಯಬೇಕೆಂದರೂ ಮನೆಯಲ್ಲಿ ಫೋನಿರಲಿಲ್ಲ.

ಎಚ್‌ಎಎಲ್‌ನಲ್ಲೇ ಎಂಜಿನಿಯರ್ ಆಗಿದ್ದ ಜಿ. ರಾಜ್‌ನಾರಾಯಣ್ ಕೊಳಲು ನುಡಿಸುತ್ತಿದ್ದವರು. ಎಲೆಕ್ಟ್ರಾನಿಕ್ಸ್ ತಿಳಿದ ಕೈ, ಶ್ರುತಿ ಬೇಡುವ ಕಿವಿ, ಎರಡೂ ಒಬ್ಬರಲ್ಲೇ ಇದ್ದುದರಿಂದ ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿತು. ಮುಂದೆ ಅವರು ಕೆಲಸ ಬಿಟ್ಟು ರಾಡೆಲ್ ಕಂಪನಿ ಕಟ್ಟಿದರು. ಕಚೇರಿಗಳಲ್ಲಿ ಗಾಯಕರ ಪಕ್ಕದಲ್ಲಿ ಕೂತು ಗುಂಯ್‌ಗುಡುವ ಪೆಟ್ಟಿಗೆಯನ್ನು ನೋಡಿದಾಗಲೆಲ್ಲ ಅವರ ನೆನಪಾಗುತ್ತದೆ.

ಅವರಿಂದ ನಾನು ಎತ್ತಿಕೊಂಡದ್ದು ಒಂದಿದೆ. ಸಂಗೀತಕ್ಕೊಂದು ಗಂಟೆ, ಚಿತ್ರಕ್ಕೊಂದು ಗಂಟೆ, ಎಲೆಕ್ಟ್ರಾನಿಕ್ಸ್‌ಗೊಂದು ಗಂಟೆ ಎಂದು ಪಾಲು ಹಾಕಲು ಹೊರಟರೆ ಮೂರಕ್ಕೂ ಸಾಲುವುದಿಲ್ಲ. ನಾನು ಪಾಲು ಹಾಕುವುದಿಲ್ಲ, ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚುತ್ತೇನೆ. ಸರ್ಕ್ಯೂಟಿನ ಹುಚ್ಚು ಹತ್ತಿದ್ದೇ ವೀಣೆಯಿಂದ. ರಾತ್ರಿ ಹೊತ್ತು ಪಕ್ಕದ ಫ್ಲ್ಯಾಟಿನ ಮಗು ಏಳಬಾರದಲ್ಲ. ಎಸ್.ಪಿ. ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಪೀಜೋ ಬಿಲ್ಲೆಯೊಂದನ್ನು ತಂದು ವೀಣೆಯ ಕುದುರೆಯ ಬಳಿ ಅಂಟಿಸಿ, ಚಿಕ್ಕ ಆ್ಯಂಪ್ಲಿಫೈಯರ್ ಕಟ್ಟಿ, ಹೆಡ್‌ಫೋನಿಗೆ ಕೊಟ್ಟೆ. ಈಗ ತಂತಿಯನ್ನು ಮುಟ್ಟಿದರೆ ಸಾಕು, ಬಲವಾಗಿ ಮೀಟಬೇಕಿಲ್ಲ. ಅದೇ ತಂತಿಯ ದನಿ ಲ್ಯಾಪ್‌ಟಾಪಿಗೆ ಹೋಯಿತು. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಚಿತ ತಂತ್ರಾಂಶಗಳಿವೆ. ತೋಡಿಯ ಗಾಂಧಾರವನ್ನು ನುಡಿಸಿ ನೋಡಿದೆ. ಅದು ತನ್ನ ಮೆಟ್ಟಿಲ ಮೇಲೆ ನಿಲ್ಲುವುದೇ ಇಲ್ಲ, ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗುತ್ತಲೇ ಇರುತ್ತದೆ. ಟೀಚರ್ ನುಡಿಸಿದಾಗ ಬಂದ ಗೆರೆ ದುಂಡಗಿತ್ತು, ನನ್ನದು ಗರಗಸ. ‘ಇನ್ನೂ ಎಳೀಬೇಕು, ಆದರೆ ಅವಸರ ಬೇಡ’ ಎಂದು ಅವರು ವರ್ಷಗಟ್ಟಲೆ ಹೇಳುತ್ತಿದ್ದದ್ದು ಕಣ್ಣಿಗೆ ಕಂಡಿತು. ಆ ಗೆರೆಗಳನ್ನೇ ಈಗ ಇಂಡಿಯನ್ ಇಂಕ್‌ನಲ್ಲಿ ಬರೆಯುತ್ತಿದ್ದೇನೆ, ಒಂದು ರಾಗಕ್ಕೆ ಒಂದು ಹಾಳೆ. ನೋಡಿದವರಿಗೆ ಬೆಟ್ಟಸಾಲಿನಂತೆ ಕಾಣುತ್ತದಂತೆ. ಉಳಿದ ಚಿತ್ರಗಾರಿಕೆ ಮೆಟ್ರೊದಲ್ಲಿ. ರಾಜಾಜಿನಗರದಿಂದ ಪೀಣ್ಯ ಇಂಡಸ್ಟ್ರಿಗೆ ಅಬ್ಬಬ್ಬಾ ಎಂದರೆ ಆರು ನಿಲ್ದಾಣ, ಮುಖ ಬರೆಯಲು ಸಾಲದು. ಹಿಡಿಕೆಗೆ ಜೋತುಬಿದ್ದ ಕೈಗಳನ್ನು ಬರೆಯುತ್ತೇನೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಬರುವಷ್ಟರಲ್ಲಿ ಒಂದು ಕೈ ಮುಗಿದಿರುತ್ತದೆ.

ಬೆಳಗಿನ ಐದಕ್ಕೆ ಏಳಿ ಎನ್ನುವ ಉಪದೇಶಕರಿಗೆ ಒಂದು ಮಾತು. ಐದಕ್ಕೆ ನಾನು ಏಳುತ್ತೇನೆ, ಏಳದೆ ಇದ್ದರೆ ಟಿಫಿನ್ ಡಬ್ಬಿ ತುಂಬುವವರು ಯಾರು? ಈ ಉಪದೇಶ ಬರೆದ ಬಹುಪಾಲು ಮಹನೀಯರ ಮನೆಯಲ್ಲಿ ಇನ್ಯಾರೋ ನಾಲ್ಕೂವರೆಗೆ ಎದ್ದಿರುತ್ತಾರೆ ಎಂಬುದು ನನ್ನ ಬಲವಾದ ಗುಮಾನಿ.

ಈಗಿನ ಕಂಪನಿಗೆ ಸೇರುವಾಗ ಸಂಬಳದ ಜೊತೆ ಇದನ್ನೂ ಮಾತಾಡಿಕೊಂಡೆ. ಗಡುವಿನ ದಿನಗಳಲ್ಲಿ ಎಷ್ಟು ಹೊತ್ತಾದರೂ ಇರುತ್ತೇನೆ, ಮಿಕ್ಕ ದಿನ ಏಳರ ಮೇಲೆ ಫೋನ್ ಬೇಡ. ಮಾಲೀಕರು ನಕ್ಕರು, ಆಮೇಲೆ ಒಪ್ಪಿದರು. ಒಮ್ಮೊಮ್ಮೆ ಮರೆಯುತ್ತಾರೆ, ಆದರೂ ಪರವಾಗಿಲ್ಲ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದಕ್ಕೆ ಕಾನೂನೇ ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಮುಂದಕ್ಕೆ ಹೋಗಲಿಲ್ಲ. ಬದಲಿಗೆ ಕರ್ನಾಟಕದಲ್ಲಿ ನಡೆದದ್ದು ತಿರುಗುಮುರುಗು: 2023ರಲ್ಲಿ ಕಾರ್ಖಾನೆಗಳಿಗೆ ದಿನಕ್ಕೆ 12 ಗಂಟೆಯ ಪಾಳಿಗೆ ಕಾಯ್ದೆ ತಿದ್ದಲಾಯಿತು. 2025ರ ಜೂನ್‌ನಲ್ಲಿ ಅಂಗಡಿ, ಕಚೇರಿಗಳಲ್ಲೂ ದಿನದ ಮಿತಿಯನ್ನು 9ರಿಂದ 10 ಗಂಟೆಗೆ, ಓವರ್‌ಟೈಮ್ ಸೇರಿ 12ಕ್ಕೆ ಏರಿಸುವ ಪ್ರಸ್ತಾವ ಬಂತು.

ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ, ಒಪ್ಪುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ತಮ್ಮ ಹೊತ್ತು ಯಾವುದೆಂದು ಅವರಿಗೆ ನನಗಿಂತ ಖಚಿತವಾಗಿ ಗೊತ್ತು, ಆದರೆ ಆ ಹೊತ್ತಿನಲ್ಲಿ ಊಟ, ನಿದ್ದೆ ಬಿಟ್ಟರೆ ಏನೂ ಹಿಡಿಸುವುದಿಲ್ಲ. ತುಮಕೂರು ಕಡೆಯವರು. ಊರಿನಲ್ಲಿ ಕುರುಕ್ಷೇತ್ರ ನಾಟಕದಲ್ಲಿ ಭೀಮನ ಪಾರ್ಟು ಮಾಡಿದವರು. ಆ ನಾಟಕಗಳಲ್ಲಿ ಪಾತ್ರಕ್ಕೆ ಕಲಾವಿದರೇ ದುಡ್ಡು ಕಟ್ಟಬೇಕು, ಪಾತ್ರ ದೊಡ್ಡದಾದಷ್ಟೂ ದುಡ್ಡು ಹೆಚ್ಚು. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು. ‘ಭೀಮನ್ನ ಬಿಟ್ಬಿಟ್ಟೆ ಮೇಡಂ’ ಎಂದರು ಮೊನ್ನೆ. ಈ ಸಲ ವಿದುರನಿಗೆ ಕಟ್ಟಿದ್ದಾರೆ. ಹಾಡು ಕಡಿಮೆಯಂತೆ, ಗೇಟಿನಲ್ಲಿ ನಿಂತೇ ಬಾಯಿಪಾಠ ಮಾಡಬಹುದಂತೆ.