ಎಳೆಯುವುದು ಬಿಡಿ ಮಾರಾಯ್ರೇ, ನಿಲ್ಲಿಸುವುದು ಹೇಗೆ?

ಸಯನ್‌ನಲ್ಲಿ ಮೂರು ದಶಕ ಕಳೆದವರಿಗೆ ‘ಟೋಯಿಂಗ್’ ಅಂದರೆ ಒಂದೇ ಅರ್ಥ. ಸರ್ಕಲ್ ಹತ್ತಿರ ಕಾರು ನಿಲ್ಲಿಸಿ ‘ಎರಡೇ ನಿಮಿಷ’ ಅಂತ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕಾರು ಇದ್ದ ಜಾಗ ಖಾಲಿ! ಈಗ ಆ ಶಬ್ದಕ್ಕೆ ಇನ್ನೊಂದು ಅರ್ಥ ಬಂದಿದೆ. ಪಿಕಪ್ ಗಾಡಿಯ ಹಿಂದೆ ಒಂದು ಕೊಂಡಿ, ಕೊಂಡಿಗೆ ಒಂದು ಪುಟ್ಟ ಮನೆ, ಮನೆಯೊಳಗೆ ಹಾಸಿಗೆ, ಒಲೆ, ಸಿಂಕು... ಅದನ್ನು ಎಳೆದುಕೊಂಡು ಊರೂರು ತಿರುಗುವುದು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ನಮ್ಮ ಹುಡುಗರಿಗೆ ಇದರ ಹುಚ್ಚು ಹತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ಯಾರವಾನ್ ವಿರೋಧಿ ಅಲ್ಲ. ಹೋಟೆಲಿನ ಕೋಣೆಗೆ ದುಡ್ಡು ಸುರಿಯದೆ ಸಮುದ್ರದ ಬದಿಯಲ್ಲಿ ಸ್ವಂತ ಹಾಸಿಗೆಯ ಮೇಲೆ ಮಲಗುವ ಆಸೆ ಯಾರಿಗಿಲ್ಲ? ನನ್ನ ಜಗಳ ಇರುವುದು ಒಂದೇ ಒಂದು ಪ್ರಶ್ನೆಯ ಜೊತೆ. ಪಿಕಪ್ ನೋಡಿದ ಪ್ರತಿಯೊಬ್ಬನೂ ಕೇಳುವ ಪ್ರಶ್ನೆ: ‘ಎಳೀತದಾ?’

ಎಳೀತದೆ ಸ್ವಾಮೀ. ಅದರಲ್ಲಿ ಅನುಮಾನವೇ ಬೇಡ. 2016ರಲ್ಲಿ ನಮ್ಮಲ್ಲಿಗೆ ಬಂದ ಇಸುಜು ವಿ-ಕ್ರಾಸ್ ಆಗಲಿ, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಆಗಲಿ, ಒಂದೂವರೆ ಟನ್ನಿನ ಟ್ರೇಲರನ್ನು ಎಳೆಯಲು ಬೇಕಾದ ಎಂಜಿನ್ ಅವಕ್ಕಿದೆ. ಆಸ್ಟ್ರೇಲಿಯದಲ್ಲಿ ಇದೇ ಜಾತಿಯ ಗಾಡಿಗಳಿಗೆ 3500 ಕಿಲೋ ಎಳೆಯುವ ಸಾಮರ್ಥ್ಯ ಅಂತ ಕಂಪೆನಿಯವರೇ ಬರೆದುಕೊಡುತ್ತಾರೆ. ನಮ್ಮವರು ಆ 3500 ಅನ್ನುವ ಅಂಕಿಯನ್ನು ಬಾಯಿಪಾಠ ಮಾಡಿದ್ದಾರೆ. ಅದರ ಪಕ್ಕದಲ್ಲೇ ಇರುವ ಇನ್ನೊಂದು ಅಂಕಿಯನ್ನು ಯಾರೂ ಓದುವುದಿಲ್ಲ. ಟ್ರೇಲರಿಗೆ ಅದರದ್ದೇ ಬ್ರೇಕು ಇದ್ದರೆ 3500 ಕಿಲೋ. ಇಲ್ಲದಿದ್ದರೆ? 750 ಕಿಲೋ.

ಅಂದರೆ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗಾಡಿ ಅದೇ, ಎಂಜಿನ್ ಅದೇ, ಕೊಂಡಿಯೂ ಅದೇ. ವ್ಯತ್ಯಾಸ ಇರುವುದು ಹಿಂದಿನ ಚಕ್ರಗಳಲ್ಲಿ ಬ್ರೇಕು ಇದೆಯೋ ಇಲ್ಲವೋ ಅನ್ನುವುದರಲ್ಲಿ. ಯುರೋಪಿನಲ್ಲಿ 750 ಕಿಲೋ ದಾಟಿದ ಟ್ರೇಲರಿಗೆ ಬ್ರೇಕು ಕಡ್ಡಾಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ 3000 ಪೌಂಡು, ಅಂದರೆ ಸುಮಾರು 1360 ಕಿಲೋ ದಾಟಿದರೆ ಕಡ್ಡಾಯ. ಆ ಬ್ರೇಕುಗಳೇನೂ ದೊಡ್ಡ ವಿದ್ಯೆಯಲ್ಲ. ಒಂದು ಬಗೆಯಲ್ಲಿ, ಮುಂದಿನ ಗಾಡಿ ನಿಧಾನವಾದಾಗ ಟ್ರೇಲರು ಮುಂದಕ್ಕೆ ನೂಕುತ್ತದಲ್ಲ, ಆ ನೂಕುವ ಬಲವೇ ಕೊಂಡಿಯ ಹತ್ತಿರದ ಸರಳನ್ನು ಒತ್ತಿ ಟ್ರೇಲರಿನ ಬ್ರೇಕನ್ನು ಬಿಗಿಯುತ್ತದೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ತಿನಿಂದ ನಡೆಯುತ್ತದೆ. ಅದರ ಗುಂಡಿ ಡ್ರೈವರನ ಕೈಯ ಹತ್ತಿರ ಇರುತ್ತದೆ. ಕೊಂಡಿ ಕಳಚಿಕೊಂಡರೆ ತಾನಾಗಿ ಬ್ರೇಕು ಹಾಕುವ ಒಂದು ತಂತಿಯೂ ಉಂಟು.

ಇದನ್ನೆಲ್ಲ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ನಮ್ಮ ಅಕ್ಕನ ಮಗ ಇಂಥದ್ದೊಂದು ಟ್ರೇಲರು ಮಾಡಿಸಲು ಹೊರಟಿದ್ದಾನೆ. ಚೌತಿಗೆ ಊರಿಗೆ ಹೋಗುವುದಕ್ಕಂತೆ. ಹೆಂಡತಿ, ಎರಡು ಮಕ್ಕಳು, ಎಪ್ಪತ್ತೆಂಟು ವರ್ಷದ ಅಕ್ಕ. ‘ಅಮ್ಮ ಹಿಂದೆ ಹಾಯಾಗಿ ಮಲಗಿಕೊಂಡು ಬರಬಹುದು ಮಾಮ’ ಅಂದ! ಓಡುವ ಟ್ರೇಲರಿನೊಳಗೆ ಮನುಷ್ಯರನ್ನು ಮಲಗಿಸುವುದು! ಅಲ್ಲಿ ಸೀಟ್‌ಬೆಲ್ಟಿಲ್ಲ, ಡ್ರೈವರನಿಗೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಬೆಸುಗೆಯ ವರ್ಕ್‌ಶಾಪಿಗೆ ನಾನೂ ಜೊತೆಗೆ ಹೋದೆ. ಹಾಸಿಗೆಯ ಅಳತೆ, ಕಿಟಕಿಯ ಪರದೆ, ಎಲ್‌ಇಡಿ ದೀಪದ ಬಣ್ಣ ಎಲ್ಲ ಮಾತಾಯಿತು. ಬ್ರೇಕಿನ ವಿಷಯ ಎತ್ತಿದರೆ ಮಾಲೀಕ ನನ್ನನ್ನೇ ವಿಚಿತ್ರವಾಗಿ ನೋಡಿದ. ‘ಮುಂದಿನ ಗಾಡಿಗೆ ಇದೆಯಲ್ಲ ಸಾಬ್, ಹಿಂದಿನದಕ್ಕೆ ಯಾಕೆ?’

ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಊರಿಂದ ಕೊಲ್ಲಾಪುರ, ಪುಣೆ ದಾರಿಯಾಗಿ ಮುಂಬಯಿಗೆ ವಾಪಸು ಬರುವಾಗ ಲೋಣಾವಳದಿಂದ ಖೋಪೋಲಿಗೆ ಇಳಿಯಬೇಕು. ಇಳಿತ ಹೆಚ್ಚುಕಡಿಮೆ 550 ಮೀಟರ್. ಸಾಮಾನು, ಜನ ಸೇರಿ ಪಿಕಪ್ 2500 ಕಿಲೋ, ಟ್ರೇಲರು 1500 ಕಿಲೋ, ಒಟ್ಟು 4000 ಅಂತ ಇಟ್ಟುಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಶಾಖವಾದರೆ 60 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ಮನೆಯವರೆಲ್ಲರ ಸ್ನಾನಕ್ಕೆ ಆಗುವಷ್ಟು ಬಿಸಿನೀರು! ಆ ಶಾಖದಲ್ಲಿ ಸ್ವಲ್ಪ ಗಾಳಿಗೆ ಹೋಗುತ್ತದೆ, ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಒಂದಿಷ್ಟು ತಡೆಯುತ್ತದೆ. ಉಳಿದದ್ದೆಲ್ಲ ಪಿಕಪ್ಪಿನ ನಾಲ್ಕು ಚಕ್ರದ ಬ್ರೇಕುಗಳೇ ನುಂಗಬೇಕು. ಕಾದ ಬ್ರೇಕು ಹಿಡಿಯುವುದಿಲ್ಲ. ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಆ ಗಳಿಗೆಯಲ್ಲಿ ಮುಂದೆ ಇರುವುದು ನಿಮ್ಮ ಕುಟುಂಬ ಮಾತ್ರವಲ್ಲ, ಸ್ಕೂಟರಿನಲ್ಲಿ ಹೋಗುತ್ತಿರುವ ಇನ್ನೊಬ್ಬನ ಕುಟುಂಬವೂ ಹೌದು.

ಕರಾವಳಿಯ ದಾರಿ ಹಿಡಿದರೆ ಸುಖವೇ? ಮುಂಬಯಿ–ಗೋವಾ ಹೆದ್ದಾರಿಯ ಚತುಷ್ಪಥ ಕಾಮಗಾರಿ 2011ರಲ್ಲಿ ಶುರುವಾಗಿ ಎಷ್ಟು ಚೌತಿಗಳನ್ನು ನುಂಗಿತು ಅನ್ನುವುದು ಊರಿಗೆ ಹೋಗುವವರಿಗೆಲ್ಲ ಗೊತ್ತು. ಕಶೇಡಿ ಘಾಟಿ, ಚಿಪಳೂಣದ ಪರಶುರಾಮ ಘಾಟಿ, ಮೇಲಿಂದ ಶ್ರಾವಣ-ಭಾದ್ರಪದದ ಮಳೆ. ಒದ್ದೆ ರಸ್ತೆಯ ತಿರುವಿನಲ್ಲಿ ಮುಂದಿನದು ನಿಲ್ಲಲು ನೋಡುತ್ತದೆ, ಬ್ರೇಕಿಲ್ಲದ ಹಿಂದಿನದು ನೂಕುತ್ತದೆ. ಕೊಂಡಿಯ ಜಾಗದಲ್ಲಿ ಎರಡೂ ಮಡಚಿಕೊಳ್ಳುವುದಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು ನಮ್ಮವರಿಗೇ ಅಂತ ಹೇಳಬೇಕು. ಊರಿಂದ ಬರುವಾಗ ನಾವು ಏನೇನು ತರುತ್ತೇವೆ? ಒಂದು ಮೂಟೆ ಕುಚ್ಚಲಕ್ಕಿ, ಎರಡು ಚೀಲ ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ. ಟ್ರೇಲರಿನ ಬಾಗಿಲು ಹಿಂದೆ ಇದ್ದರೆ ಅದೆಲ್ಲ ಬಾಗಿಲ ಹತ್ತಿರವೇ ಬೀಳುತ್ತದೆ, ಒಳಗೆ ದೂಡುವ ಶ್ರಮ ಯಾರಿಗೆ ಬೇಕು! ಅಲ್ಲೇ ಅಪಾಯ. ಭಾರ ಅಚ್ಚಿಗಿಂತ ಹಿಂದೆ ಹೋದರೆ ಟ್ರೇಲರಿನ ಮೂತಿ ಹಗುರಾಗುತ್ತದೆ. ಮೂತಿ ಹಗುರಾದ ಟ್ರೇಲರು ವೇಗ ಏರಿದಂತೆ ಬಾಲ ಅಲ್ಲಾಡಿಸಲು ತೊಡಗುತ್ತದೆ. ಪಕ್ಕದಿಂದ ಒಂದು ವೋಲ್ವೋ ಬಸ್ಸು ಗಾಳಿ ಎಬ್ಬಿಸಿಕೊಂಡು ಹೋದರೆ ಸಾಕು, ಆ ಅಲ್ಲಾಟ ಪಿಕಪ್ಪನ್ನೇ ಎಳೆದಾಡುತ್ತದೆ. ಆಗ ಗಾಬರಿಯಲ್ಲಿ ಬ್ರೇಕು ತುಳಿದರೆ ಕೆಟ್ಟಿತು, ಸ್ಟೇರಿಂಗ್ ಆಚೀಚೆ ತಿರುಗಿಸಿದರೂ ಕೆಟ್ಟಿತು. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗನ್ನು ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು. ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಟ್ರೇಲರಿನ ತೂಕದ ಹತ್ತನೇ ಒಂದು ಪಾಲಾದರೂ ಕೊಂಡಿಯ ಮೇಲೆ ಕೂರಬೇಕು ಅನ್ನುವುದು ರೂಢಿ. 1500 ಕಿಲೋಗೆ 150 ಕಿಲೋ. ಆ 150 ಕಿಲೋ ಪಿಕಪ್ ಹೊರಬಹುದಾದ ಭಾರದಿಂದ ಕಳೆಯಬೇಕು ಅನ್ನುವ ಲೆಕ್ಕವೂ ಯಾವ ವಿಡಿಯೋದಲ್ಲೂ ನನಗೆ ಕಾಣಲಿಲ್ಲ.

ನನ್ನ ವಾದಕ್ಕೆ ಬರುವ ಉತ್ತರ ಗೊತ್ತಿದೆ. ‘ಮಾಮ, ಮಂಡ್ಯ, ಬೆಳಗಾವಿ ಕಡೆ ಟ್ರಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿ ಕಬ್ಬು ಹೊಡೆಯುವುದಿಲ್ಲವಾ?’ ಹೊಡೆಯುತ್ತಾರೆ ಮಾರಾಯ. ಗಂಟೆಗೆ 20 ಕಿಲೋಮೀಟರಿನಲ್ಲಿ ಹೊಡೆಯುತ್ತಾರೆ. ನೀನು 80ರಲ್ಲಿ ಹೋಗುವವನು. ವೇಗ ನಾಲ್ಕು ಪಟ್ಟಾದರೆ ತಡೆಯಬೇಕಾದ ಶಕ್ತಿ ಹದಿನಾರು ಪಟ್ಟು. ಅಷ್ಟಕ್ಕೂ ಹಿಂದೆ ದೀಪವಿಲ್ಲದ ಆ ಕಬ್ಬಿನ ಟ್ರಾಲಿಗಳಿಗೆ ರಾತ್ರಿ ಗುದ್ದಿ ಸತ್ತವರ ಸುದ್ದಿ ಪ್ರತಿ ಹಂಗಾಮಿನಲ್ಲೂ ಓದುತ್ತೇವೆ. ಅದನ್ನು ಆದರ್ಶ ಅನ್ನುವುದೇ?

ಎತ್ತಿನ ಗಾಡಿಯ ಕಾಲದವರಿಗೇ ಇದು ಗೊತ್ತಿತ್ತು. ಘಟ್ಟ ಇಳಿಯುವಾಗ ಗಾಲಿಗೆ ಉಜ್ಜುವಂತೆ ಮರದ ತುಂಡನ್ನು ಹಗ್ಗದಿಂದ ಬಿಗಿಯುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದರು. ಎತ್ತಿನ ಕುತ್ತಿಗೆಯ ಮೇಲೆ ಗಾಡಿ ಬೀಳಬಾರದಲ್ಲ!

ಲೈಸೆನ್ಸಿನ ಕಥೆ ಇನ್ನೂ ಚೆಂದ. ಟ್ರಾಕ್ಟರಿನ ಲೈಸೆನ್ಸು ಇದ್ದವನು ಅದಕ್ಕೆ ಟ್ರೇಲರು ಕಟ್ಟಿದ ಮಾತ್ರಕ್ಕೆ ಲೈಸೆನ್ಸಿಲ್ಲದವನಾಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸಿನಲ್ಲಿ 7500 ಕಿಲೋ ಒಳಗಿನ ಸಾಗಾಣಿಕೆ ವಾಹನವನ್ನೂ ಓಡಿಸಬಹುದು ಅಂತ ತೀರ್ಪು ಕೊಟ್ಟಿತು. ಎರಡೂ ಬಡ ಡ್ರೈವರುಗಳಿಗೂ ಅಪಘಾತದಲ್ಲಿ ನೊಂದವರಿಗೂ ಒಳ್ಳೆಯದೇ, ವಿಮಾ ಕಂಪೆನಿಗಳ ನೆಪಕ್ಕೆ ಕಡಿವಾಣ. ಆದರೆ ಕೋರ್ಟು ಲೈಸೆನ್ಸಿನ ಮಾತಾಡಿತು, ಕೈಪಳಗುವುದರ ಮಾತಲ್ಲ. ಪಿಕಪ್ಪಿನ ಉದ್ದ 5.3 ಮೀಟರು, ಟ್ರೇಲರು ಐದು ಅಂದರೂ ಒಟ್ಟು ಒಂದು ಬೆಸ್ಟ್ ಬಸ್ಸಿನ ಹತ್ತಿರ ಹತ್ತಿರ ಆಯಿತು. ಬೆಸ್ಟಿನ ಡ್ರೈವರನಿಗೆ ತರಬೇತಿ ಬೇಕು, ಬ್ಯಾಡ್ಜು ಬೇಕು. ನಡುವೆ ಕೀಲಿರುವ, ರಿವರ್ಸಿನಲ್ಲಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಹೋಗುವ ಈ ಬಸ್ಸಿಗೆ ಏನೂ ಬೇಡ. 2024ರ ಆಗಸ್ಟಿನಲ್ಲಿ ಸಯನ್ ಸ್ಟೇಷನ್ನಿನ ಹಳೇ ಸೇತುವೆಯನ್ನು ಹೊಸದಾಗಿ ಕಟ್ಟಲೆಂದು ಮುಚ್ಚಿದಾಗ ಕಾರು ತಿರುಗಿಸಲೂ ಒದ್ದಾಡಿದ ಗಲ್ಲಿಗಳಲ್ಲಿ ಇದನ್ನು ರಿವರ್ಸ್ ತೆಗೆಯುವುದನ್ನು ಕಲ್ಪಿಸಿಕೊಳ್ಳಿ :-)

ಸರಕಾರದವರು ಏನು ಮಾಡಿದರು? 2021ರಲ್ಲಿ ಮಹಾರಾಷ್ಟ್ರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಎಳೆಯುವ ಟ್ರೇಲರುಗಳೂ ಅದರ ವ್ಯಾಪ್ತಿಯಲ್ಲಿವೆ. ಕರ್ನಾಟಕವೂ ತನ್ನ 2020–25ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನಿಗೆ ಜಾಗ ಕೊಟ್ಟಿತು. ಸುದ್ದಿಯಾದದ್ದು ರಿಯಾಯಿತಿಗಳು, ಪಾರ್ಕುಗಳು. ಅದೂ ಬೇಕು, ಸರಿ. ಆದರೆ ಅತಿಥಿಯನ್ನು ಕರೆಯುವ ಮೊದಲು ಮೆಟ್ಟಿಲು ಗಟ್ಟಿಯಿದೆಯಾ ಅಂತ ನೋಡುವುದು ಬೇಡವೇ? ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರು ಟ್ರೇಲರಿನ ಹಿಂದೆಯೂ ಕಾಣಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಹಾಗಾದರೆ ಪ್ರತಿ ಟ್ರೇಲರೂ ಆರ್‌ಟಿಒ ಬಾಗಿಲಿಗೆ ಒಮ್ಮೆ ಬರಲೇಬೇಕು. ಅಲ್ಲೇ ಹಿಡಿಯಿರಿ. ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಸಾಮಾನು ಸೇರಿ ಎಷ್ಟು ಅಂತ ನೋಡಿ. 750 ಕಿಲೋ ದಾಟಿದರೆ ಜಾಕ್ ಕೊಟ್ಟು ಚಕ್ರ ಎತ್ತಿ, ಬ್ರೇಕು ಹಿಡಿಯುತ್ತದೋ ಅಂತ ಕೈಯಿಂದ ತಿರುಗಿಸಿ ನೋಡಿ. ಎಳೆಯುವವನನ್ನು ಕರೆದು ಆ ಅಂಗಳದಲ್ಲೇ ಇಪ್ಪತ್ತು ಮೀಟರು ರಿವರ್ಸ್ ತೆಗೆಸಿ.

ವರ್ಕ್‌ಶಾಪಿನ ಮಾಲೀಕನನ್ನು ಬ್ರೇಕಿನ ಅಚ್ಚು ಬೇರೆ ಕಡೆಯಿಂದ ತರಿಸಿದರೆ ಎಷ್ಟಾಗುತ್ತದೆ ಅಂತ ಕೇಳಿದೆ. ಹಾಸಿಗೆ, ಸಿಂಕು, ಪರದೆಗೆ ಹುಡುಗ ಒಪ್ಪಿದ ಮೊತ್ತಕ್ಕಿಂತ ಕಡಿಮೆಯೇ ಹೇಳಿದ.