ತುರಿಕಿ ಕೂಸಿಗೆ ಸಲಹಾ ಸಾಕು, ಪಾಳಿ ಬೇಕು

ಮೊನ್ನೆ ಒಂದು ಕುಬಸದ ಕಾರ್ಯಕ್ಕ ಹೋಗಿದ್ವಿ. ಸೊಸಿ ಕೂಸಿನ್ನ ಎತ್ಕೊಂಡು ಬಂದಿದ್ಲು. ಮೊಮ್ಮಗಳಿಗೆ ಈಗ ಒಂದೂವರಿ ವರ್ಷ. ಮೊಣಕೈ ಮಡಿಕ್ಯಾಗ, ಮೊಣಕಾಲ ಹಿಂದ, ಗಲ್ಲದ ಮ್ಯಾಲ ಕೆಂಪಗ ಕೆರಕೊಂಡ ಗುರುತು. ಅರಿಷಿಣ ಕುಂಕುಮ ಹಚ್ಚಿ ಮುಗಿಯೂದ್ರಾಗ ಸೊಸಿಗೆ 7 ಸಲಹಾ ಬಂದ್ವು. ಕುಂತು ಎಣಿಸೀನಿ ನಾ. ಕಡ್ಲಿಹಿಟ್ಟು ಹಚ್ಚಿ ತಿಕ್ಕು. ಬೇವಿನ ಎಲಿ ಅರದು ಹಚ್ಚು. ಬದ್ನಿಕಾಯಿ ಬಿಡು. ತತ್ತಿ ಬಿಡು. ಹಾಲು ಬಿಡು. ದೃಷ್ಟಿ ತಗಿ. ನಮ್ಮ ಮನ್ಯಾಗ ಒಂದು ಟ್ಯೂಬ್ ಐತಿ, ಕಳಸ್ತೀನಿ. ಕಡೀಕ ಒಬ್ಬಾಕಿ, “ಬಸರಿದ್ದಾಗ ಏನ ತಿಂದಿದ್ಯವ್ವಾ?” ಅಂದ್ಲು. ಸೊಸಿ ಅಲ್ಲೆ ಏನೂ ಅನ್ಲಿಲ್ಲ. ಮನಿಗೆ ಬಂದು ಬಚ್ಚಲದಾಗ ನಿಂತು ಅತ್ಲು.

ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಯಾಕಂದ್ರ ಈ ಏಳೂ ಸಲಹಾ ನಾನ ನನ್ನ ಮಗನ ಮ್ಯಾಲ ಮಾಡಿ ನೋಡೀನಿ. ಅವ ಸಣ್ಣವಿದ್ದಾಗ ಹಿಂಗ ತುರಸ್ಕೋತಿದ್ದ. ಹಾಲು, ಮಸರು, ತತ್ತಿ, ಶೇಂಗಾ ಎಲ್ಲಾ ಬಿಡಿಸಿದೆ. ಎಂಟು ತಿಂಗಳಾದ್ರೂ ತುರಿಕಿ ಹೋಗ್ಲಿಲ್ಲ, ಹುಡುಗ ಮಾತ್ರ ಸೊರಗಿ ಕಡ್ಡಿ ಆದ. ಆಮ್ಯಾಲ ಔಷಧದ ಅಂಗಡಿಯಾಂವ ಒಂದು ಮುಲಾಮು ಕೊಟ್ಟ. ಎರಡ ದಿನದಾಗ ಮಾರಿ ಸ್ವಚ್ಛ. ದೇವರ ಬಂದಂಗಾತು. ಬಿಟ್ಟಕೂಡ್ಲೆ ದುಪ್ಪಟ್ಟು ಬಂತು, ಮತ್ತ ಹಚ್ಚಿದೆ. ಹಿಂಗ ವರ್ಷಗಟ್ಲೆ. ಗಲ್ಲದ ಚರ್ಮ ತೆಳ್ಳಗಾಗಿ ಸಣ್ಣ ಕೆಂಪ ನರ ಕಾಣಾಕ ಹತ್ತಿದ್ವು. ಅದು ಸ್ಟಿರಾಯ್ಡ್ ಅಂತ ಅಂಗಡಿಯಾಂವ ಹೇಳ್ಲಿಲ್ಲ, ನಾ ಕೇಳ್ಲಿಲ್ಲ. ಇವತ್ತಿಗೂ ಮಗನ ಮಾರಿ ಬಿಸಲಾಗ ಕೆಂಪಾದ್ರ ನನಗ ಹೊಟ್ಟ್ಯಾಗ ಕಲಸತೈತಿ.

ಅದಕ್ಕ ಮೊದಲ ಒಂದು ಮಾತು ಹೇಳಿಬಿಡ್ತೀನಿ. ನಾವು ಇಸಬು ಅಂತೀವಲ್ಲ, ಕೂಸುಗಳಿಗೆ ಬರೂ ಈ ಜಾತಿ ಇಸಬಿಗೆ ಡಾಕ್ಟರ್ ಅಟೊಪಿಕ್ ಡರ್ಮಟೈಟಿಸ್ ಅಂತಾರ. ತಾಯಿ ಬಸರಿದ್ದಾಗ ಬದ್ನಿಕಾಯಿ ತಿಂದಿದ್ದಕ್ಕ ಬರೂದಲ್ಲ ಅದು. ದಮ್ಮು, ಸೀನು, ಇಸಬು ಮೂರೂ ಒಂದ ಮನೆತನದಾಗ ತಿರಗ್ತಾವ. ನಮ್ಮಪ್ಪಗ ದಮ್ಮಿತ್ತು, ನನಗ ಮುಂಜಾನಿ ಎದ್ದರ ಹತ್ತ ಸೀನು, ಮಗಗ ಇಸಬು. ಅಂದ್ರ ಈ ಆಸ್ತಿ ನನ್ನ ತವರಿಂದ ಬಂದದ್ದು, ಬೈಸಿಕೊಂಡಾಕಿ ಸೊಸಿ! ಈ ಕೂಸುಗಳ ಚರ್ಮ ಗಿಲಾವು ಬಿದ್ದ ಗ್ವಾಡಿ ಇದ್ದಂಗ. ಒಳಗಿನ ಪಸಿ ಹೊರಗ ಹೋಗತೈತಿ, ಹೊರಗಿನ ಧೂಳು, ಸಾಬಾನು, ಬೆವರು ಒಳಗ ಕಾಡತೈತಿ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ. ಎತ್ಕೊಳ್ಳಾಕ ಹಿಂಜರೀಬ್ಯಾಡ್ರಿ.

ಹಂಗಾರ ಮಾಡೂದೇನು? ಗಿಲಾವು ಮಾಡೂದು. ಚರ್ಮದ ಡಾಕ್ಟರ್ ಹೇಳಿದ್ದನ್ನ ನಾವು ಗ್ವಾಡಿಗೆ ಬರದು ಅಂಟಿಸೀವಿ. ಕೂಸಿಗೆ ಕುದಿಕುದಿ ನೀರು ಎರಿಯೂದು ಬಂದ್. ಉಗುರುಬೆಚ್ಚಗಿನ ನೀರು, 5 ರಿಂದ 10 ನಿಮಿಷ, ಸಾಕು. ಕಡ್ಲಿಹಿಟ್ಟು ತಿಕ್ಕೂದೂ ಇಲ್ಲ, ಲೋಬಾನದ ಹೊಗಿನೂ ಇಲ್ಲ. ಅರಿವ್ಯಾಗ ಒತ್ತಿ ಒರಸಿ, ಮೈ ಹಸಿ ಇದ್ದಾಗನ ವಾಸನಿ ಇಲ್ಲದ ಮುಲಾಮು ಹಚ್ಚೂದು. ದಿನಾ ಎರಡ ಸಲ, ತುರಿಕಿ ಇರ್ಲಿ ಬಿಡ್ಲಿ. ವಾರಕ್ಕ 125 ಗ್ರಾಂ ಖರ್ಚಾಗಬೇಕು ಅಂದ್ರು ಡಾಕ್ಟರ್. ನಾವು ಅಷ್ಟನ್ನ ಆರು ತಿಂಗಳು ಜ್ವಾಕಿ ಮಾಡಿದ್ವಿ! ತುಟ್ಟಿ ಕ್ರೀಮ ಬೇಕಂತೇನಿಲ್ಲ, ಸಾದಾ ಪೆಟ್ರೋಲಿಯಂ ಜೆಲ್ಲಿನೂ ನಡೀತೈತಿ.

ಸ್ಟಿರಾಯ್ಡ್ ಅಂದ್ರ ಹೆದರಿ ಓಡೂದೂ ತಪ್ಪು, ನನ್ನಂಗ ಬೆಣ್ಣಿ ಹಚ್ಚಿದಂಗ ಹಚ್ಚೂದೂ ತಪ್ಪು. ಡಾಕ್ಟರ್ ಮಾರಿಗೆ ಒಂದು, ಕೈಕಾಲಿಗೆ ಒಂದು ಬರದು ಕೊಟ್ಟಾರ, ಎಷ್ಟ ದಿನ ಅಂತನೂ ಬರದಾರ. ಅಳತಿ ಹೆಂಗಂದ್ರ, ದೊಡ್ಡವರ ತೋರ್ಬೆರಳಿನ ತುದಿಯಿಂದ ಮೊದಲ ಗೀಟಿನ ತನಕ ಟ್ಯೂಬ್ ಹಿಂಡಿದ್ರ ಸುಮಾರು ಅರ್ಧ ಗ್ರಾಂ. ಬೆರಳ ಸಮೇತ ದೊಡ್ಡವರ ಎರಡು ಅಂಗೈಯಷ್ಟು ಜಾಗಾಕ್ಕ ಅಷ್ಟು ಸಾಕು.

ಇನ್ನ “ನಮ್ಮ ಮನ್ಯಾಗ ಒಂದು ಟ್ಯೂಬ್ ಐತಿ” ಅನ್ನಾವ್ರಿಗೆ ಕೈ ಮುಗೀತೀನಿ. ಒಂದ ಮನಿ ಮಂದಿ ತುರಿಕಿ ಸೈತ ಒಂದ ಅಲ್ಲ. ನಮ್ಮ ಭಾವನವರಿಗೆ ಮಾರಿ, ಕಣ್ಣರೆಪ್ಪಿ, ಕುತಿಗಿ ತುರಸತೈತಿ. ಅದು ಹೊಲದ ಬದುವಿನ್ಯಾಗಿನ ಕಾಂಗ್ರೆಸ್ ಕಸದ ಅಲರ್ಜಿ. ತುಂಬುತೋಳಿನ ಅಂಗಿ, ಹೊಲದಿಂದ ಬಂದಕೂಡ್ಲೆ ಜಳಕ, ಆ ಕಸದಿಂದ ದೂರ ಇರೂದು, ಅವರಿಗೆ ಇದ ದೊಡ್ಡ ಔಷಧ. ಅಕ್ಕನ ಹಣಿ ತುರಸೂದು ಸ್ಟಿಕ್ಕರ್ ಬೊಟ್ಟಿನ ಅಂಟಿಗೆ. ಮಗ್ಗಲಮನಿ ಹುಡುಗನ ತೊಡಿಮ್ಯಾಲಿಂದು ಗಜಕರ್ಣ. ಗಜಕರ್ಣಕ್ಕ ಸ್ಟಿರಾಯ್ಡ್ ಹಚ್ಚಿದ್ರ ಮೊದಲ ತಂಪ ಅನಸತೈತಿ, ಒಳಗೊಳಗ ಹಬ್ಬತೈತಿ. ಈ ಸ್ಟಿರಾಯ್ಡ್ ಮುಲಾಮುಗಳನ್ನ ಡಾಕ್ಟರ್ ಚೀಟಿ ಇಲ್ಲದ ಮಾರಬಾರದು ಅಂತ ಸರ್ಕಾರ 2018 ರಾಗ ನಿಯಮ ಮಾಡೇತಿ. ಅಂಗಡ್ಯಾಗ ಚೀಟಿ ಬೇಕು ಅಂದ್ರ ನಮ್ಮ ಸೆರಗಿನ ಗಂಟಿನ್ಯಾಗಿನ ಟ್ಯೂಬಿಗೂ ಬೇಕಲ್ಲ?

ಊಟದ ಮಾತಿಗೆ ಬರ್ತೀನಿ. ಏನರ ತಿಂದ ತಾಸೆರಡ ತಾಸಿನ್ಯಾಗ ತುಟಿ ಬಾತ್ರ, ಮೈ ತುಂಬ ದದ್ದೆದ್ರ, ವಾಂತಿ ಆದ್ರ, ಡಾಕ್ಟರಿಗೆ ತೋರಿಸ್ರಿ. ಉಸುರು ಕಟ್ಟಿದ್ರ ಸೀದಾ ದವಾಖಾನಿಗೆ ಓಡ್ರಿ. ಇಲ್ಲಾಂದ್ರ ಬೆಳಿಯೂ ಕೂಸಿನ ಗಂಗಾಳದಾಗಿಂದ ಒಂದೊಂದ ಕಸಗೋಬ್ಯಾಡ್ರಿ. 2015 ರಾಗ ಲಂಡನ್ನಿನ ಡಾಕ್ಟರ್‌ಗಳು ಒಂದು ಅಭ್ಯಾಸ ಪ್ರಕಟ ಮಾಡಿದ್ರು. ಇಸಬು ಜೋರ ಇದ್ದ ಇಲ್ಲಾ ತತ್ತಿ ಅಲರ್ಜಿ ಇದ್ದ 640 ಕೂಸುಗಳು. ಅರ್ಧ ಮಂದಿಗೆ ಸಣ್ಣವಿದ್ದಾಗಿಂದನ ಶೇಂಗಾ ತಿನಿಸಿದ್ರು, ಅರ್ಧ ಮಂದಿಗೆ ಬಿಡಿಸಿದ್ರು. 5 ವರ್ಷ ತುಂಬೂದ್ರಾಗ ಶೇಂಗಾ ಅಲರ್ಜಿ ಭಾಳ ಬಂದಿದ್ದು ಬಿಡಿಸಿದ ಕೂಸುಗಳಿಗೆ. ನಾ ಮಗಗ ಶೇಂಗಾ ಬಿಡಿಸಿದ್ದು ನೆನಸಿಕೊಂಡು ಹಣಿ ಬಡಕೊಂಡೆ. ಆದ್ರ ಇಸಬು ಜೋರಿದ್ದ ಕೂಸಿಗೆ ಡಾಕ್ಟರನ್ನ ಕೇಳೇ ಸುರು ಮಾಡ್ರಿ, ಅದೂ ನುಣ್ಣಗ ಪುಡಿ ಮಾಡಿ. ಇಡೀ ಕಾಳು ಗಂಟಲಾಗ ಸಿಗತಾವ.

ಕೆರದಲ್ಲೆ ಹಳದಿ ರಸಿಗಿ ಸೋರಿದ್ರ, ಜ್ವರ ಬಂದ್ರ, ನೀರಗುಳ್ಳಿ ಎದ್ರ ಅವತ್ತ ಡಾಕ್ಟರ ಹಂತೇಕ ಹೋಗ್ರಿ.

ಇಷ್ಟೆಲ್ಲಾ ಸೊಸಿಗೆ ಗೊತ್ತೈತ್ರಿ, ನನಗಿಂತ ಛಲೋ ಗೊತ್ತೈತಿ. ಆಕಿಗೆ ಕಡಿಮಿ ಇರೂದು ಬುದ್ಧಿ ಅಲ್ಲ, ನಿದ್ದಿ. ಈ ತುರಿಕಿ ರಾತ್ರಿ ಹೆಚ್ಚು. ಕೂಸು ತಾಸಿಗೊಮ್ಮೆ ಎದ್ದು ಕೆರಕೋತೈತಿ, ಆಕಿ ಎದ್ದು ಆ ಪುಟ್ಟ ಕೈ ಹಿಡ್ಕೊಂಡು ಕುಂದರ್ತಾಳ. ಮುಂಜಾನಿ ಎದ್ದು ರೊಟ್ಟಿ ಬಡೀಬೇಕು, ಡ್ಯೂಟಿಗೆ ಓಡಬೇಕು. ನಾವು ಹತ್ತ ಮಂದಿ ಹತ್ತ ಸಲಹಾ ಕೊಟ್ಟು ಎಲಿ ಅಡಿಕಿ ಹಾಕ್ಕೊಂಡು ಮನಿಗೆ ಹೋಗಿ ಮಲಗ್ತೀವಿ.

ಅದಕ್ಕ ನಮ್ಮ ಮನ್ಯಾಗ ಈಗ ಪಾಳಿ ಹಚ್ಚೀವಿ. ಮಂಗಳವಾರ, ಶುಕ್ರವಾರ ರಾತ್ರಿ ಕೂಸು ನನ್ನ ಮಗ್ಗಲ. ಶನಿವಾರ ಮಗಂದು. ಮಲಗೂ ಮುಂದ ಉಗುರು ನೋಡ್ತೀನಿ, ಮುಲಾಮು ಹಚ್ಚಿ ಹತ್ತಿ ಅಂಗಿ ಹಾಕ್ತೀನಿ. ಎದ್ದು ಅತ್ರ ಕೆರೀಬ್ಯಾಡ ಅಂತ ಗದರಸೂದಿಲ್ಲ, ಒದ್ದಿ ಅರಿವಿ ಒತ್ತಿ ಹಿಡೀತೀನಿ. ಮೊದಲ ರಾತ್ರಿ ನಾ ಐದ ಸಲ ಎದ್ದೆ. ಸೊಸಿ ಇದನ್ನ ಒಂದೂವರಿ ವರ್ಷ ಒಬ್ಬಾಕೀನ ಮಾಡ್ಯಾಳ ಅಂತ ಅವತ್ತ ತಿಳೀತು.

ಅಕ್ಕಾರ, ತಂಗ್ಯಾರ, ಮುಂದಿನ ಕಾರ್ಯದಾಗ ಇಂಥ ಕೂಸು ಕಂಡ್ರ ಏನ ತಿಂದಿದ್ದಿ ಅಂತ ಕೇಳಬ್ಯಾಡ್ರಿ. ನಿನ್ನೆ ನಿದ್ದಿ ಆತೇನವ್ವಾ ಅಂತ ಕೇಳ್ರಿ. ಆಗಿಲ್ಲ ಅಂದ್ರ ಕೂಸಿನ್ನ ಇಸಕೊಂಡು ಆಕಿಗೆ ಒಂದು ತಾಸು ಮಲಗಾಕ ಜಾಗಾ ಮಾಡಿ ಕೊಡ್ರಿ.