ಮೊದಲು ಎಡಗೈ ನೋಡಿ

ಪೇಟಿ (ಹಾರ್ಮೋನಿಯಂ) ಕಲಿಯುವ ಮಗುವನ್ನು ಅಳೆಯಲು ವೇಗವೇ ಸಾಕು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಆದರೆ ಜಮಖಂಡಿ, ಬನಹಟ್ಟಿ ಕಡೆ ಪೇಟಿ ಎಂದರೆ ಭಜನೆ, ಪಾರಿಜಾತದ ಬಯಲಾಟ. ಮುಧೋಳ ತಾಲ್ಲೂಕಿನ ಲೋಕಾಪುರ ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಊರು. ಅಲ್ಲಿ ಬೇಕಾದದ್ದು ರಾತ್ರಿಯಿಡೀ ಹಾಡಿಗೆ ಆಸರೆಯಾಗುವ ಕೈ, ಬೆರಳ ಓಟವಲ್ಲ.

ವೇಗ ಬಿಟ್ಟು ಮೊದಲು ಎಡಗೈ ನೋಡಿ ಸ್ವಾಮಿ. ಗಾಳಿ ಹಾಕುವ ಕೈ ತಾಳಕ್ಕೆ ಕುಣಿದರೆ ಸ್ವರ ಬಿಕ್ಕುತ್ತದೆ. ಒಂದೇ ‘ಸಾ’ ಹಿಡಿಸಿ; ದನಿ ಏರಿಳಿಯದೆ ನಿಂತರೆ ಅರ್ಧ ಪಾಸು. ಆಮೇಲೆ ವಿಲಂಬಿತದಲ್ಲಿ ಸರಿಗಮ. ಬಿಳಿ ಒಂದರಿಂದ ಹೊರಟರೆ ‘ಗ’ ಮುಗಿದು ‘ಮ’ ಬರುವಾಗ ಬಲಗೈ ಹೆಬ್ಬೆರಳು ನಡುಬೆರಳಿನಡಿ ನುಸುಳಬೇಕು. ಮಣಿಕಟ್ಟು ತಿರುಚಿ ಜಿಗಿದರೆ ಅಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ದ್ರುತದಲ್ಲಿ ಅದು ಕಾಣುವುದೇ ಇಲ್ಲ.

ಅಷ್ಟಕ್ಕೂ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಹೊರಗಿಟ್ಟಿದ್ದು ವೇಗ ಸಾಲದೆಂದಲ್ಲ, ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದೆಂದು. 1971ರವರೆಗೆ ನಿಷೇಧವಿತ್ತು.